ಹೆದರುವ ಮಗುವಿಗೆ ಮೊದಲ ಹಿಮ: ಯಾವ ಊರು, ಯಾವ ಇಳಿಜಾರು?

ಮೋಟೆಬೆನ್ನೂರು, ಬ್ಯಾಡಗಿ ಕಡೆಯ ಮಕ್ಕಳಿಗೆ ಗೊತ್ತಿರುವ ದೊಡ್ಡ ಚಳಿ ಎಂದರೆ ಮೆಣಸಿನಕಾಯಿ ಚೀಲ ಪೇರಿಸಿಟ್ಟ ಕೋಲ್ಡ್ ಸ್ಟೋರೇಜಿನ ಬಾಗಿಲು ತೆರೆದಾಗ ಮುಖಕ್ಕೆ ರಾಚುವ ಚಳಿ. ಈಗ ಅದೇ ಮಕ್ಕಳು ಮೊಬೈಲಿನಲ್ಲಿ ಗುಲ್ಮಾರ್ಗ್, ಔಲಿ ನೋಡಿ ‘ನಾನೂ ಸ್ಕೀಯಿಂಗ್ ಕಲೀತೀನಿ’ ಎನ್ನುತ್ತಾರೆ. ಹಗಲು ಹುರುಪು, ರಾತ್ರಿ ಮಲಗುವ ಹೊತ್ತಿಗೆ ‘ಬಿದ್ರೆ ಕಾಲು ಮುರೀತದೇನಪ್ಪಾ?’ ಎಂಬ ಪ್ರಶ್ನೆ. ತಂದೆ–ತಾಯಿಗೆ ಅದರ ಜೊತೆಗೆ ಖರ್ಚಿನ ಚಿಂತೆ.

ಇಬ್ಬರ ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ. ಬೆಟ್ಟದ ಹೆಸರು ನೋಡಿ ಊರು ಆರಿಸಬೇಡಿ. ಬೆಟ್ಟದ ಬುಡದಲ್ಲಿರುವ ಸಣ್ಣ ಇಳಿಜಾರು, ಅಲ್ಲಿ ಕಲಿಸುವವರು, ಬಿಡುವಿಲ್ಲದೆ ಸಿಗುವ ನಾಲ್ಕೈದು ದಿನ, ಇಷ್ಟು ನೋಡಿ ಆರಿಸಿ. ಹೊಸಬರು ಮೊದಲ ವಾರ ಬೆಟ್ಟದ ತುದಿಗೆ ಹೋಗುವುದೇ ಇಲ್ಲ. ಹೋಗದ ತುದಿಗೆ ದುಡ್ಡು ಕೊಡುವುದೇಕೆ?

ಮೊದಲು ಭಯ ಯಾವುದರದೆಂದು ಕೇಳಿ

‘ಹೆದರಬೇಡ’ ಎಂದರೆ ಭಯ ಹೋಗುವುದಿಲ್ಲ, ಬಾಯಿ ಮುಚ್ಚುತ್ತದೆ ಅಷ್ಟೆ. ಬದಲು, ಯಾವುದಕ್ಕೆ ಹೆದರಿಕೆ ಎಂದು ಸಮಾಧಾನವಾಗಿ ಕೇಳಿ. ಕೆಲವರಿಗೆ ವೇಗದ ಭಯ, ಕೆಲವರಿಗೆ ಎತ್ತರದಲ್ಲಿ ತೂಗುವ ಲಿಫ್ಟಿನ ಭಯ, ಕೆಲವರಿಗೆ ಚಳಿಯದು, ಇನ್ನು ಕೆಲವರಿಗೆ ಬಿದ್ದಾಗ ಸುತ್ತಲಿನವರು ನಗುತ್ತಾರೆಂಬುದು. ವೇಗಕ್ಕೆ ಹೆದರುವವರಿಗೆ ಕೊನೆಯಲ್ಲಿ ಸಮತಟ್ಟಾಗುವ ಇಳಿಜಾರು ಬೇಕು, ಅಲ್ಲಿ ಏನೂ ಮಾಡದಿದ್ದರೂ ಸ್ಕೀ ತಾನೇ ನಿಲ್ಲುತ್ತದೆ. ಲಿಫ್ಟಿಗೆ ಹೆದರುವವರಿಗೆ ನಡೆದೇ ಹತ್ತಬಹುದಾದ ಜಾಗ ಸಾಕು. ನಗುವಿಗೆ ಹೆದರುವ ಹದಿಹರೆಯದವರನ್ನು ಪ್ರವಾಸಿಗರ ಜಾತ್ರೆಯ ನಡುವೆ ನಿಲ್ಲಿಸಬಾರದು.

ಕಾಲು ಮುರಿಯುವ ಪ್ರಶ್ನೆಗೆ ನಿಜವಾದ ಉತ್ತರವೇ ಇದೆ, ಅದನ್ನೇ ಮಗುವಿಗೆ ಹೇಳಿ. ಬೂಟು ಮತ್ತು ಸ್ಕೀ ಸೇರುವಲ್ಲಿ ಬೈಂಡಿಂಗ್ ಎಂಬ ಹಿಡಿಕೆ ಇರುತ್ತದೆ. ಕಲಿಯುವವರ ತೂಕ, ವಯಸ್ಸು, ಅನುಭವಕ್ಕೆ ತಕ್ಕಂತೆ ಅದರ ತಿರುಪನ್ನು ಹೊಂದಿಸುತ್ತಾರೆ. ಕಾಲು ಜೋರಾಗಿ ತಿರುಚಿದರೆ ಬೂಟು ಕಳಚಿಕೊಂಡು ಸ್ಕೀ ಬೇರೆಯಾಗುತ್ತದೆ. ಇದರಿಂದ ಅಪಾಯ ಪೂರ್ತಿ ತಪ್ಪದಿದ್ದರೂ ಬಹಳ ಕಡಿಮೆಯಾಗುತ್ತದೆ. ಆದರೆ ತೂಕ ಕೇಳದೆ, ತಿರುಪು ಮುಟ್ಟದೆ ಸ್ಕೀ ಕೈಗೆ ಕೊಡುವ ಬಾಡಿಗೆ ಅಂಗಡಿಗೆ ಮಾತ್ರ ಹೋಗಬೇಡಿ.

ಎಲ್ಲಿಗೆ ಹೋಗಬಹುದು?

ಗುಲ್ಮಾರ್ಗ್: ಕಾಶ್ಮೀರದಲ್ಲಿ ಸುಮಾರು 2,650 ಮೀಟರ್ ಎತ್ತರದ ಹುಲ್ಲುಗಾವಲು. ಚಳಿಗಾಲದಲ್ಲಿ ಗಾಲ್ಫ್ ಮೈದಾನದ ಸುತ್ತಲಿನ ಬಯಲೆಲ್ಲ ಹಿಮ ಹೊದ್ದು ಹೊಸಬರ ಪಾಠಶಾಲೆಯಾಗುತ್ತದೆ. ಇಳಿಜಾರು ಮೆಲ್ಲನೆಯದು, ಕೆಳಗೆ ಸಮತಟ್ಟು. ಪ್ರಸಿದ್ಧವಾದ ಗೊಂಡೋಲಾ ಎಂಬ ಕೇಬಲ್ ಕಾರು ಎರಡು ಹಂತದ್ದು. ಮೊದಲನೆಯದು ಕೊಂಗ್ಡೂರಿಗೆ, ಎರಡನೆಯದು ಸುಮಾರು 3,950 ಮೀಟರ್ ಎತ್ತರದ ಅಫರ್ವಟ್ ಕಡೆಗೆ. ಎರಡನೇ ಹಂತ ನುರಿತವರ ಜಾಗ, ಅಲ್ಲಿ ಹಿಮಕುಸಿತದ ಅಪಾಯವೂ ಉಂಟು. ಹೊಸಬರಿಗೆ ಅಲ್ಲಿ ಕೆಲಸವಿಲ್ಲ, ಆ ಟಿಕೆಟ್ಟಿನ ಹಣವನ್ನು ಇನ್ನೊಂದು ದಿನದ ಪಾಠಕ್ಕೆ ಕೊಡಿ. ಶ್ರೀನಗರದಿಂದ ಗುಲ್ಮಾರ್ಗ್ 50 ಕಿಲೋಮೀಟರ್ ಆಸುಪಾಸು. 2025ರ ಜೂನ್‌ನಿಂದ ಕಟ್ರಾ–ಶ್ರೀನಗರ ನಡುವೆ ರೈಲೂ ಓಡುತ್ತಿದೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ನಡೆದ ದಾಳಿಯ ನಂತರ ಮನೆಯ ಹಿರಿಯರು ಹಿಂಜರಿದರೆ ಅದು ಸಹಜ. ಸರ್ಕಾರದ ಆಗಿನ ಸೂಚನೆ ನೋಡಿ ನಿರ್ಧರಿಸಿ. ಮನೆಯವರ ಮನಸ್ಸು ಒಪ್ಪದಿದ್ದರೆ ಬೇರೆ ಊರುಗಳಿವೆ.

ಔಲಿ: ಉತ್ತರಾಖಂಡದಲ್ಲಿ, ಜೋಶಿಮಠದ ಮೇಲೆ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಪರ್ಧೆಗಳು ಇಲ್ಲಿ ನಡೆದಿದ್ದವು. ರಾಜ್ಯ ಸರ್ಕಾರದ ಗಢವಾಲ್ ಮಂಡಲ ವಿಕಾಸ ನಿಗಮವು ಇಲ್ಲಿ 7 ಮತ್ತು 14 ದಿನಗಳ ಕೋರ್ಸು ನಡೆಸುತ್ತ ಬಂದಿದೆ. ಖರ್ಚು ಮೊದಲೇ ಗೊತ್ತಾಗುವುದು ಇದರ ದೊಡ್ಡ ಅನುಕೂಲ. ಬದರಿ ಯಾತ್ರೆಯ ದಾರಿಯಾದ್ದರಿಂದ ಸಸ್ಯಾಹಾರಕ್ಕೂ ಪರದಾಟವಿಲ್ಲ. ತೊಂದರೆ ಇರುವುದು ದಾರಿಯಲ್ಲಿ. ಹೃಷಿಕೇಶದಿಂದ ಸುಮಾರು 250 ಕಿಲೋಮೀಟರ್ ಬೆಟ್ಟದ ರಸ್ತೆ, ಇಡೀ ಹಗಲು ಬೇಕು. ವಾಂತಿಯಾಗುವ ಮಕ್ಕಳಿದ್ದರೆ ಪೀಪಲ್‌ಕೋಟಿಯಂಥ ಊರಲ್ಲಿ ಒಂದು ರಾತ್ರಿ ತಂಗಿ ಹೋಗಿ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿಯತೊಡಗಿದಾಗ ಔಲಿಯ ರೋಪ್‌ವೇ ನಿಂತಿತು. ಹೊರಡುವ ಮುನ್ನ ರೋಪ್‌ವೇ, ಚೇರ್‌ಲಿಫ್ಟ್ ಎರಡರ ಸ್ಥಿತಿಯನ್ನೂ ಫೋನ್ ಮಾಡಿ ವಿಚಾರಿಸಿ.

ಸೋಲಂಗ್: ಮನಾಲಿಯಿಂದ 13–14 ಕಿಲೋಮೀಟರ್. ನಮ್ಮ ಕಡೆಯವರಿಗೆ ರೈಲಿನ ಅನುಕೂಲ ಇರುವುದು ಇಲ್ಲಿಗೆ. ದಾವಣಗೆರೆ, ಹುಬ್ಬಳ್ಳಿ ಮೂಲಕ ಹೋಗುವ ಯಶವಂತಪುರ–ಚಂಡೀಗಢ ಸಂಪರ್ಕಕ್ರಾಂತಿ ಹತ್ತಿದರೆ ಚಂಡೀಗಢದಿಂದ ಮುಂದೆ ಬಸ್ಸು. ಆದರೆ ಸೋಲಂಗ್‌ನ ಕೆಳಗಿನ ಬಯಲಿನಲ್ಲಿ ಸ್ಲೆಡ್ಜ್, ಸ್ನೋ ಸ್ಕೂಟರ್, ಫೋಟೊ ತೆಗೆಸುವವರು ಎಲ್ಲ ಒಟ್ಟಿಗೆ. ‘ಅರ್ಧ ಗಂಟೆ ಸ್ಕೀಯಿಂಗ್’ ಎಂದು ಕರೆಯುವವರು ಮಗುವನ್ನು ಹಿಡಿದು ನಾಲ್ಕು ಸಲ ಜಾರಿಸಿ ಕಳಿಸುತ್ತಾರೆ. ಅದು ಆಟ ಆದೀತು, ಕಲಿಕೆ ಆಗದು. ವಾರದ ನಡುವೆ, ಬೆಳಿಗ್ಗೆ ಬೇಗ ಹೋಗಿ, ಒಬ್ಬರೇ ಶಿಕ್ಷಕರನ್ನು ಪೂರ್ತಿ ದಿನಗಳಿಗೆ ಗೊತ್ತುಮಾಡಿಕೊಂಡರೆ ಮಾತ್ರ ಸೋಲಂಗ್ ಉಪಯೋಗ.

ನಾರ್ಕಂಡಾ: ಶಿಮ್ಲಾದಿಂದ ಸುಮಾರು 65 ಕಿಲೋಮೀಟರ್, 2,700 ಮೀಟರ್ ಎತ್ತರ. ಸಣ್ಣ ಊರು, ಸಣ್ಣ ಇಳಿಜಾರು, ಗದ್ದಲ ಕಡಿಮೆ. ಹಿಮ ಚೆನ್ನಾಗಿ ಬಿದ್ದ ವರ್ಷ, ಹತ್ತು ವರ್ಷದೊಳಗಿನ ಮಗುವಿಗೆ ಎರಡು–ಮೂರು ದಿನ ರುಚಿ ತೋರಿಸಲು ಇದೇ ಸಾಕು. ಹಿಮ ಬೀಳದ ವರ್ಷ ಇಲ್ಲಿ ನೋಡಲು ಸೇಬಿನ ತೋಟವಷ್ಟೇ ಇರುತ್ತದೆ.

ಹದಿನಾರು ದಾಟಿದವರಿಗೆ ಇನ್ನೊಂದು ದಾರಿಯಿದೆ. ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ, ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ, ಪಹಲ್ಗಾಮ್‌ನ ಜವಾಹರ್ ಸಂಸ್ಥೆ ಸುಮಾರು ಎರಡು ವಾರದ ಆರಂಭಿಕ ಕೋರ್ಸು ನಡೆಸುತ್ತವೆ. ಪಾಠ ಮತ್ತು ಸಲಕರಣೆಗೆ ಒಂದೇ ಶುಲ್ಕ ಕಟ್ಟಿದರಾಯಿತು, ಖಾಸಗಿಯಾಗಿ ದಿನದ ಲೆಕ್ಕದಲ್ಲಿ ಕಲಿಯುವುದಕ್ಕಿಂತ ಬಹಳ ಅಗ್ಗ. ಆದರೆ ಅಲ್ಲಿ ಶಿಸ್ತು ಬಿಗಿ. ಮುಂಜಾನೆ ವ್ಯಾಯಾಮ, ಡಾರ್ಮಿಟರಿ ವಾಸ, ಹಿಂದಿ ಮಾತು. ಇಳಿಜಾರಿನ ಭಯದ ಮೇಲೆ ಮನೆ ಬಿಟ್ಟಿರುವ ಭಯವೂ ಸೇರುವುದಾದರೆ ಒಂದು ವರ್ಷ ತಡೆದು ಕಳಿಸಿ. ಬೆಂಗಳೂರಿನಲ್ಲಿರುವ ನಮ್ಮ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಲ್ಲೂ ಒಮ್ಮೆ ವಿಚಾರಿಸಿ.

ಬಿಸಿಲ ನಾಡಿನವರಿಗೆ ಇದು ಒಗ್ಗುತ್ತದೆಯೇ ಎಂದು ಅಜ್ಜಿ ಕೇಳಿದರೆ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರ ಹೆಸರು ಹೇಳಿ. ಹಿಮ ಬೀಳದ ಜಿಲ್ಲೆಯಿಂದ ಹೋದ ಈ ಹೆಣ್ಣುಮಗಳು ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದಿದ್ದಾರೆ.

ಸುಗ್ಗಿ, ಪರೀಕ್ಷೆ, ಹಿಮ: ಮೂರೂ ಒಂದೇ ಕಾಲಕ್ಕೆ

ಒಳ್ಳೆಯ ಹಿಮ ಸಿಗುವುದು ಸಾಮಾನ್ಯವಾಗಿ ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗೆ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಮುಗಿಬಿದ್ದು ಬರುವುದೂ ಆಗಲೇ, ಮಕ್ಕಳ ಪರೀಕ್ಷೆ ತಯಾರಿಯೂ ಆಗಲೇ. ದಲಾಲಿ ಅಂಗಡಿಯ ಮನೆಯವರು ಸೋಮವಾರ, ಗುರುವಾರದ ಮಾರುಕಟ್ಟೆ ಬಿಟ್ಟು ಎದ್ದು ಬರುವುದು ಕಷ್ಟ. ಅಂಥ ಮನೆಗಳಲ್ಲಿ ಇಬ್ಬರಲ್ಲಿ ಒಬ್ಬರೇ ಮಗುವಿನ ಜೊತೆ ಹೋದರೆ ಖರ್ಚೂ ಉಳಿಯುತ್ತದೆ, ವ್ಯಾಪಾರವೂ ನಿಲ್ಲುವುದಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ವರ್ಷದಲ್ಲಿ ಈ ವಿಚಾರ ಬೇಡ. ಏಳು, ಎಂಟನೇ ತರಗತಿಯವರಿಗೆ ಫೆಬ್ರುವರಿಯಲ್ಲಿ ಒಂದು ವಾರದ ರಜೆಯನ್ನು ಶಾಲೆಗೆ ಮೊದಲೇ ತಿಳಿಸಿ ಪಡೆಯಬಹುದು. ಕ್ರಿಸ್ಮಸ್–ಹೊಸ ವರ್ಷದಲ್ಲಿ ಕೋಣೆ ದುಬಾರಿ, ಹಿಮ ಅನುಮಾನ. ಬೇಸಿಗೆ ರಜೆಯ ಹೊತ್ತಿಗೆ ಕಲಿಕೆಯ ಇಳಿಜಾರುಗಳು ಕರಗಿರುತ್ತವೆ.

ಫೆಬ್ರುವರಿಯಲ್ಲೂ ಹಿಮ ಕೈಕೊಡಬಹುದು. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಬಯಲು ಬಹುಪಾಲು ಬರಿದಾಗಿಯೇ ಇತ್ತು. ಮರುವರ್ಷ ಫೆಬ್ರುವರಿಗೆ ಗೊತ್ತಾಗಿದ್ದ ಖೇಲೋ ಇಂಡಿಯಾ ಕೂಟವನ್ನು ಹಿಮವಿಲ್ಲದೆ ಮುಂದೂಡಿ ಮಾರ್ಚ್ 9ರಿಂದ 12ರವರೆಗೆ ನಡೆಸಬೇಕಾಯಿತು. ಆದ್ದರಿಂದ ಬುಕಿಂಗ್ ಮಾಡುವಾಗ ಹಣ ವಾಪಸು ಬರುವ ಕೋಣೆಯನ್ನೇ ಹಿಡಿಯಿರಿ. ಹೊರಡುವ ಹತ್ತು ದಿನ ಮೊದಲು ಅಲ್ಲಿನ ಶಿಕ್ಷಕರಿಗೆ ಫೋನ್ ಮಾಡಿ, ಆ ದಿನದ ಇಳಿಜಾರಿನ ಫೋಟೊ ತರಿಸಿಕೊಳ್ಳಿ.

ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಸ್ಕೀ, ಕೋಲು, ಜಾಕೆಟ್, ನೀರು ಹಿಡಿಯದ ಪ್ಯಾಂಟು ಯಾವುದನ್ನೂ ಕೊಳ್ಳಬೇಡಿ, ಎಲ್ಲ ಬಾಡಿಗೆಗೆ ಸಿಗುತ್ತವೆ. ಕೊಳ್ಳಬೇಕಾದದ್ದು ಒಂದು ಜೊತೆ ಥರ್ಮಲ್, ಒಳ್ಳೆಯ ಕೈಗವಸು, ಉದ್ದನೆಯ ಉಣ್ಣೆ ಕಾಲುಚೀಲ. ಹತ್ತಿ ಬಟ್ಟೆ ಒಳಗೆ ಬೇಡ, ಬೆವರಿಗೆ ಒದ್ದೆಯಾದರೆ ಒಣಗುವುದಿಲ್ಲ, ಚಳಿ ಹಿಡಿಸುತ್ತದೆ. ಶೇಂಗಾ ಉಂಡೆ, ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ. ಆ ಚಳಿಗೆ ಕೆಡುವುದಿಲ್ಲ, ಇಳಿಜಾರಿನ ಪಕ್ಕದ ದುಬಾರಿ ತಿಂಡಿಯೂ ತಪ್ಪುತ್ತದೆ. ಗುಲ್ಮಾರ್ಗ್‌ಗಿಂತ 13 ಕಿಲೋಮೀಟರ್ ಕೆಳಗಿನ ಟಂಗ್‌ಮಾರ್ಗ್‌ನಲ್ಲಿ ಕೋಣೆ ಅಗ್ಗ, ಆದರೆ ದಿನವೂ ಚಕ್ರಕ್ಕೆ ಸರಪಳಿ ಕಟ್ಟಿದ ವಾಹನದಲ್ಲಿ ಹಿಮದ ರಸ್ತೆ ಹತ್ತಬೇಕು. ಹೆದರುವ ಮಗುವಿಗೆ ಇಳಿಜಾರಿನಿಂದ ನಡೆದು ಮುಟ್ಟುವ ಕೋಣೆಯೇ ಮೇಲು. ದಣಿದಾಗ ಸುಮ್ಮನೆ ಎದ್ದು ಬರಬಹುದು.

ಶಿಕ್ಷಕರಲ್ಲಿ, ಬೂಟಿನಲ್ಲಿ, ಹೆಲ್ಮೆಟ್‌ನಲ್ಲಿ ಉಳಿಸಬೇಡಿ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿದ ಶಿಕ್ಷಕರ ಗುರುತಿನ ಚೀಟಿ ಕೇಳಲು ಸಂಕೋಚ ಬೇಡ. ಬೂಟನ್ನು ಮಾತ್ರ ನೀವೇ ಕೂತು ನೋಡಿ. ಮಗು ನೇರ ನಿಂತಾಗ ಬೆರಳ ತುದಿ ಬೂಟಿನ ಮುಂಭಾಗಕ್ಕೆ ಹಗುರಾಗಿ ತಾಗಬೇಕು. ಮೊಣಕಾಲು ಮಡಿಸಿ ಮುಂದೆ ಬಾಗಿದಾಗ ಬೆರಳು ಹಿಂದೆ ಸರಿದು ಬಿಡುವಾಗಬೇಕು, ಹಿಮ್ಮಡಿ ಮಾತ್ರ ಮೇಲೇಳಬಾರದು. ಚಳಿಯೆಂದು ತಾಯಂದಿರು ಎರಡು–ಮೂರು ಕಾಲುಚೀಲ ಹಾಕಿಸುವುದುಂಟು. ಬೂಟು ಬಿಗಿದು ರಕ್ತ ಓಡಾಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ, ಒಂದೇ ಜೊತೆ ಸಾಕು. ಕಾಲು ನೋಯುವ ಮಗು ಅದನ್ನು ‘ಬೇಡ, ಭಯ’ ಎಂದೇ ಹೇಳುತ್ತದೆ.

ಹಿಮಕ್ಕೆ ಬಿದ್ದ ಬಿಸಿಲು ತಿರುಗಿ ಮುಖಕ್ಕೇ ಹೊಡೆಯುವುದರಿಂದ ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಬೇಕೇಬೇಕು. ಮಾಮೂಲಿ ಪ್ರಯಾಣ ವಿಮೆ ಸಾಹಸ ಕ್ರೀಡೆಯನ್ನು ಹೊರಗಿಡುವುದು ಸಾಮಾನ್ಯ, ಷರತ್ತು ಓದಿ ಸಹಿ ಮಾಡಿ.

ಮೊದಲ ಮೂರು ದಿನ

ನಮ್ಮೂರು ಸಮುದ್ರಮಟ್ಟದಿಂದ 600 ಮೀಟರ್ ಆಸುಪಾಸು. ಒಮ್ಮೆಲೇ 2,600 ಮೀಟರ್ ಎತ್ತರಕ್ಕೆ ಏರಿದ ದೇಹಕ್ಕೆ ಒಂದು ದಿನ ಬಿಡುವು ಕೊಡಿ. ತಲೆನೋವು, ವಾಕರಿಕೆ ಇದ್ದರೆ ಅದು ಹೋಗುವವರೆಗೆ ಸ್ಕೀ ಕಟ್ಟಬೇಡಿ, ಹೆಚ್ಚಾದರೆ ಕೆಳಗಿಳಿದು ವೈದ್ಯರಿಗೆ ತೋರಿಸಿ. ಮಗುವಿಗೆ ಉಬ್ಬಸ ಇದ್ದರೆ ಊರಲ್ಲೇ ವೈದ್ಯರ ಮಾತು ಕೇಳಿ ಹೊರಡಿ.

ಒಳ್ಳೆಯ ಶಿಕ್ಷಕರು ಮೊದಲ ಪಾಠದಲ್ಲಿ ಜಾರುವುದನ್ನು ಅಲ್ಲ, ಬೀಳುವುದನ್ನು ಕಲಿಸುತ್ತಾರೆ. ಪಕ್ಕಕ್ಕೆ ಒರಗಿ ಬೀಳುವುದು, ಸ್ಕೀಗಳನ್ನು ಇಳಿಜಾರಿಗೆ ಅಡ್ಡವಾಗಿ, ಮೈಗಿಂತ ಕೆಳಗೆ ತಂದುಕೊಂಡು ಏಳುವುದು, ಮೆಟ್ಟಿಲು ಹತ್ತಿದಂತೆ ಪಕ್ಕಪಕ್ಕಕ್ಕೆ ಹೆಜ್ಜೆಯಿಟ್ಟು ಮೇಲೇರುವುದು. ಆಮೇಲೆ ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ ಮಾಡಿ ನಿಲ್ಲುವ ಸ್ನೋಪ್ಲೋ. ಬೇಕೆಂದಾಗ ನಿಲ್ಲಬಲ್ಲೆ ಎಂಬುದು ಗೊತ್ತಾದ ಮೇಲೆ ವೇಗದ ಭಯ ತಾನಾಗಿ ಇಳಿಯುತ್ತದೆ. ಎರಡನೇ ದಿನ ಮೈಕೈ ನೋವಿಗೆ ಮಗು ಅಳಬಹುದು, ಮೂರನೇ ದಿನಕ್ಕೆ ಕಾಲು ಮಾತು ಕೇಳತೊಡಗುತ್ತದೆ. ಆದ್ದರಿಂದಲೇ ಎರಡೇ ದಿನದ ಪ್ರವಾಸ ಹೆದರುವವರಿಗೆ ನಷ್ಟದ ಬಾಬತ್ತು.

ಪಾಠದ ಹೊತ್ತಿನಲ್ಲಿ ನೀವು ದೂರ ನಿಲ್ಲಿ. ವಿಡಿಯೊ ಹಿಡಿದು ‘ಇನ್ನೊಮ್ಮೆ, ಇನ್ನೊಮ್ಮೆ’ ಎನ್ನಬೇಡಿ. ಮಗು ಸಾಕೆಂದರೆ ಅಂದಿಗೆ ಸಾಕು.

ಊರಲ್ಲೇ ಮಾಡಬಹುದಾದದ್ದು

ಎರಡು ತಿಂಗಳು ಮೊದಲೇ ಬಸ್ಕಿ, ಮೆಟ್ಟಿಲು ಹತ್ತಿಳಿಯುವುದು ಶುರುವಾಗಲಿ. ಹತ್ತಿರದಲ್ಲಿ ರೋಲರ್ ಸ್ಕೇಟಿಂಗ್ ತರಗತಿ ಇದ್ದರೆ ಸೇರಿಸಿ, ಮೈಭಾರ ಹಿಡಿತಕ್ಕೆ ಬರುತ್ತದೆ. ಬೆಂಗಳೂರಿಗೆ ಹೋದಾಗ ಜಯಮಹಲ್‌ನ ಸ್ನೋ ಸಿಟಿಯಲ್ಲಿ ಒಂದು ಸುತ್ತು ಆಡಿಸಿ. ಅಲ್ಲಿ ಸ್ಕೀ ಕಲಿಯಲಾಗದು, ಆದರೆ ಸೊನ್ನೆಗಿಂತ ಕೆಳಗಿನ ಚಳಿ ಮಗುವಿಗೆ ಹಿಡಿಸುತ್ತದೋ ಇಲ್ಲವೋ ಕಡಿಮೆ ಖರ್ಚಿನಲ್ಲಿ ತಿಳಿಯುತ್ತದೆ.

ಕೊನೆಗೆ, ಮುಂಗಡ ಕಟ್ಟುವ ಮುನ್ನ ಫೋನಿನಲ್ಲಿ ಐದು ಪ್ರಶ್ನೆ ಕೇಳಿ. ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು? ದಿನವೂ ಅವರೇ ಬರುತ್ತಾರೆಯೇ? ಹೊಸಬರ ಇಳಿಜಾರು ಸ್ಲೆಡ್ಜ್‌ಗಳಿಂದ ಬೇರೆಯಾಗಿದೆಯೇ? ಹೆಲ್ಮೆಟ್ ಮಗುವಿನ ಅಳತೆಯದು ಸಿಗುತ್ತದೆಯೇ? ಹಿಮ ಬೀಳದಿದ್ದರೆ ಹಣದ ಗತಿ ಏನು? ಐದಕ್ಕೂ ನೇರ ಉತ್ತರ ಕೊಟ್ಟವರಿಗೆ ದುಡ್ಡು ಕಳಿಸಿ. ‘ನೀವು ಬನ್ನಿ ಸಾರ್, ನೋಡೋಣ’ ಎನ್ನುವವರು ಎಷ್ಟೇ ಅಗ್ಗಕ್ಕೆ ಒಪ್ಪಿದರೂ ಬೇರೆ ನಂಬರು ಹುಡುಕಿ.