ಹಿಂದಿನಿಂದ ನೂಕುವ ವಿಮಾನ: ಒಂದು ವಿದ್ಯುತ್ ಪ್ರತಿಕೃತಿಯ ಲೆಕ್ಕಾಚಾರ

ಬಂಡಿಯನ್ನು ಎತ್ತುಗಳು ಮುಂದಿನಿಂದ ಎಳೆಯುತ್ತವೆ. ತಳ್ಳುಗಾಡಿಯನ್ನು ವ್ಯಾಪಾರಿಯು ಹಿಂದಿನಿಂದ ನೂಕುತ್ತಾನೆ. ಪ್ರೊಪೆಲರ್ ಉಳ್ಳ ವಿಮಾನಗಳಲ್ಲಿಯೂ ಇಂಥ ಎರಡು ಜಾತಿಗಳುಂಟು. ಬಹುತೇಕ ವಿಮಾನಗಳಲ್ಲಿ ಪ್ರೊಪೆಲರ್ ಮುಂದಿದ್ದು ಎಳೆಯುತ್ತದೆ. ಕೆಲವುಗಳಲ್ಲಿ ಮಾತ್ರ ಅದು ಹಿಂದಿದ್ದು ನೂಕುತ್ತದೆ. ಈ ಎರಡನೆಯ ಜಾತಿಯ ಉದಾಹರಣೆಗಳನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ನಿರ್ಮಿಸಿ, 2004ರ ಮೇ 29ರಂದು ಮೊದಲ ಬಾರಿಗೆ ಹಾರಿಸಿದ ‘ಸಾರಸ್’ ವಿಮಾನದ ಎರಡು ಎಂಜಿನುಗಳೂ ದೇಹದ ಹಿಂಭಾಗದಲ್ಲಿದ್ದು, ಅವುಗಳ ಪ್ರೊಪೆಲರುಗಳು ಹಿಂದಕ್ಕೆ ಮುಖಮಾಡಿವೆ. 2010ರ ಅಕ್ಟೋಬರ್ 16ರಂದು ಹೊಸೂರಿನ ಬಳಿ ಯಶಸ್ವಿಯಾಗಿ ಹಾರಿದ ಚಾಲಕರಹಿತ ವಿಮಾನ ‘ರುಸ್ತುಂ-1’ ಕೂಡ ಇದೇ ಜಾತಿಯದು. ಪ್ರಾಧ್ಯಾಪಕ ರುಸ್ತುಂ ದಮಾನಿಯಾ ಅವರ ನೇತೃತ್ವದಲ್ಲಿ 1980ರ ದಶಕದಲ್ಲಿ ಅದೇ ಪ್ರಯೋಗಾಲಯದಲ್ಲಿ ರೂಪುಗೊಂಡ ಸಣ್ಣ ವಿಮಾನವೇ ಅದಕ್ಕೆ ಮೂಲ. ಆದುದರಿಂದಲೇ ಅವರ ಹೆಸರು.

ಈ ಲೇಖನದಲ್ಲಿ ನಾವು ವಿಚಾರ ಮಾಡತಕ್ಕದ್ದು ಇದೇ ತತ್ತ್ವದ ಒಂದು ಪುಟ್ಟ ಪ್ರತಿಕೃತಿಯನ್ನು. ನೋಡಲು ಜೆಟ್ ಯುದ್ಧವಿಮಾನ, ಒಳಗೆ ಬ್ಯಾಟರಿ, ವಿದ್ಯುನ್ಮೋಟಾರು, ಹಿಂದೆ ಪ್ರೊಪೆಲರ್, ನೆಲದ ಮೇಲಿನಿಂದ ರೇಡಿಯೋ ನಿಯಂತ್ರಣ. ಇದನ್ನು ಕಟ್ಟುವ ವಿದ್ಯಾರ್ಥಿಗಳಲ್ಲಿ ಅನೇಕರು ಮೊದಲ ಎಸೆತದಲ್ಲಿಯೇ ನಿರಾಶರಾಗುತ್ತಾರೆ. ಕೈಬಿಟ್ಟ ವಿಮಾನ ಮೂತಿಯನ್ನು ಮೇಲೆತ್ತಿ, ಕ್ಷಣಕಾಲ ನಿಂತು, ಹಿಂದಕ್ಕೆ ಕುಸಿದು ಮುರಿಯುತ್ತದೆ. ‘ಮೋಟಾರಿನ ಶಕ್ತಿ ಸಾಲದು’ ಎಂದು ತಿಳಿದು ಅವರು ದೊಡ್ಡ ಮೋಟಾರನ್ನು ತರುತ್ತಾರೆ. ಆಗ ವಿಮಾನ ಇನ್ನೂ ಬೇಗ ಬೀಳುತ್ತದೆ! ಇದಕ್ಕೆ ಕಾರಣವೇನು? ಹಿಂದಿನಿಂದ ನೂಕುವ ವಿಮಾನದಲ್ಲಿ ಶಕ್ತಿಗಿಂತ ಮೊದಲು ವಿಚಾರಿಸಬೇಕಾದುದು ತೂಕದ ಸ್ಥಾನವನ್ನು ಎಂಬುದೇ ಕಾರಣ.

ಪ್ರತಿಕೃತಿಯ ರಚನೆ

ಐದು ಮಿಲಿಮೀಟರ್ ದಪ್ಪದ ಹಗುರವಾದ ಫೋಮ್ ಹಾಳೆಯಿಂದ ತ್ರಿಕೋನಾಕಾರದ ರೆಕ್ಕೆಯನ್ನು ಕತ್ತರಿಸೋಣ. ರೆಕ್ಕೆಯ ಒಟ್ಟು ಅಗಲ 70 ಸೆಂ.ಮೀ.; ನಡುವಿನಲ್ಲಿ ಅದರ ಉದ್ದ 60 ಸೆಂ.ಮೀ., ತುದಿಗಳಲ್ಲಿ 10 ಸೆಂ.ಮೀ.; ಹಿಂದಿನ ಅಂಚು ನೇರ. ಆಗ ವಿಸ್ತೀರ್ಣವು 2450 ಚದರ ಸೆಂ.ಮೀ., ಎಂದರೆ 0.245 ಚದರ ಮೀಟರ್ ಆಗುತ್ತದೆ. ರೆಕ್ಕೆಯ ಮುಂದೆ 20 ಸೆಂ.ಮೀ. ಚಾಚಿಕೊಂಡ ಮೂತಿ ಇರಲಿ. ಬಾಗದಂತೆ ರೆಕ್ಕೆಯ ಅಡ್ಡಕ್ಕೆ ಒಂದು ಕಾರ್ಬನ್ ಕಡ್ಡಿಯನ್ನು ಅಂಟಿಸಬೇಕು.

ಈ ವಿಮಾನಕ್ಕೆ ಪ್ರತ್ಯೇಕ ಬಾಲದ ರೆಕ್ಕೆಯಿಲ್ಲ. ಮುಖ್ಯ ರೆಕ್ಕೆಯ ಹಿಂದಿನ ಅಂಚಿಗೆ, ಎಡಕ್ಕೊಂದು ಬಲಕ್ಕೊಂದು, ಕೀಲುಳ್ಳ ಪಟ್ಟಿಗಳನ್ನು ಜೋಡಿಸಿ, ಎರಡು ಪುಟ್ಟ ಸರ್ವೋ ಯಂತ್ರಗಳಿಂದ ಅವುಗಳನ್ನು ಆಡಿಸುತ್ತೇವೆ. ಎರಡೂ ಪಟ್ಟಿಗಳು ಮೇಲೆದ್ದರೆ ಮೂತಿ ಏಳುತ್ತದೆ. ಒಂದು ಎದ್ದು ಇನ್ನೊಂದು ಇಳಿದರೆ ವಿಮಾನವು ಒಂದು ಮಗ್ಗುಲಿಗೆ ವಾಲಿ ತಿರುಗುತ್ತದೆ. ಎರಡು ಕೆಲಸಗಳನ್ನೂ ಒಂದೇ ಜೊತೆ ಪಟ್ಟಿಗಳು ಮಾಡುವುದರಿಂದ ತೂಕದಲ್ಲಿ ಉಳಿತಾಯ.

ಬಿಡಿಭಾಗಗಳ ತೂಕವನ್ನು ಹೀಗೆ ಇಟ್ಟುಕೊಳ್ಳೋಣ: ಫೋಮ್ ದೇಹ 200 ಗ್ರಾಂ, ಮೋಟಾರು ಮತ್ತು ಪ್ರೊಪೆಲರ್ 70, ವೇಗನಿಯಂತ್ರಕ 30, ಮೂರು ಕೋಶಗಳ ಲಿಥಿಯಂ-ಪಾಲಿಮರ್ ಬ್ಯಾಟರಿ 110, ಸರ್ವೋಗಳು 25, ರೇಡಿಯೋ ಗ್ರಾಹಕ ಮತ್ತು ತಂತಿಗಳು 15. ಒಟ್ಟು 450 ಗ್ರಾಂ; ಬಲದ ಪರಿಮಾಣದಲ್ಲಿ ಸುಮಾರು 4.4 ನ್ಯೂಟನ್.

ಶಕ್ತಿಯ ಲೆಕ್ಕ

ರೆಕ್ಕೆಯ ಪ್ರತಿ ಚದರ ಮೀಟರಿಗೆ ಬೀಳುವ ಭಾರ 4.4 ÷ 0.245, ಎಂದರೆ 18 ನ್ಯೂಟನ್. ಬಯಲುಸೀಮೆಯ ಬೆಚ್ಚನೆಯ ದಿನ ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.1 ಕಿಲೋಗ್ರಾಂ. ಇಂಥ ರೆಕ್ಕೆಯ ಉತ್ಥಾಪನ ಗುಣಾಂಕವನ್ನು ಹೆಚ್ಚೆಂದರೆ 0.8 ಎಂದು ಹಿಡಿದರೆ, ವಿಮಾನವು ಬೀಳದೆ ಹಾರಬಲ್ಲ ಕನಿಷ್ಠ ವೇಗವು 2 × 18 ÷ (1.1 × 0.8) ಇದರ ವರ್ಗಮೂಲ; ಸೆಕೆಂಡಿಗೆ 6.4 ಮೀಟರ್, ಅಥವಾ ಗಂಟೆಗೆ 23 ಕಿಲೋಮೀಟರ್. ಸೈಕಲ್ಲನ್ನು ಜೋರಾಗಿ ತುಳಿಯುವವನ ವೇಗವಿದು. ಕೈಯಿಂದ ಎಸೆದು ಈ ವೇಗವನ್ನು ಕೊಡುವುದು ಸಾಧ್ಯ.

ಮೋಟಾರಿಗೆ ವಿಮಾನದ ತೂಕಕ್ಕೆ ಸಮನಾದ ನೂಕುಬಲ ಇರಲಿ. ಪ್ರೊಪೆಲರಿನ ವ್ಯಾಸ 18 ಸೆಂ.ಮೀ. (7 ಅಂಗುಲ) ಆದರೆ, ಅದು ಸುತ್ತುವ ವೃತ್ತದ ವಿಸ್ತೀರ್ಣ 0.0254 ಚದರ ಮೀಟರ್. ನಿಂತಲ್ಲಿಯೇ ಈ ಬಲವನ್ನು ಪಡೆಯಲು ಬೇಕಾಗುವ ಆದರ್ಶ ಶಕ್ತಿಯನ್ನು ಕಂಡುಹಿಡಿಯುವ ಕ್ರಮ ಹೀಗಿದೆ: ನೂಕುಬಲದ ಘನವನ್ನು, ಸಾಂದ್ರತೆ ಮತ್ತು ವಿಸ್ತೀರ್ಣಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. ಉತ್ತರ 39 ವ್ಯಾಟ್. ಆದರೆ ಮೋಟಾರಿನಲ್ಲಿಯೂ ಪ್ರೊಪೆಲರಿನಲ್ಲಿಯೂ ನಷ್ಟವುಂಟು. ಒಟ್ಟು ದಕ್ಷತೆ ಶೇಕಡಾ 40 ಎಂದು ಹಿಡಿದರೆ ಬ್ಯಾಟರಿಯು 98 ವ್ಯಾಟ್ ಒದಗಿಸಬೇಕು. 11.1 ವೋಲ್ಟಿನ ಬ್ಯಾಟರಿಯಿಂದ ಆಗ ಸುಮಾರು 9 ಆಂಪಿಯರ್ ವಿದ್ಯುತ್ತು ಹರಿಯುತ್ತದೆ. 20 ಆಂಪಿಯರ್ ತಾಳುವ ವೇಗನಿಯಂತ್ರಕ ಸಾಕು. ಪ್ರತಿ ವೋಲ್ಟಿಗೆ ನಿಮಿಷಕ್ಕೆ ಸುಮಾರು 1200 ಸುತ್ತು ತಿರುಗುವ ಬ್ರಷ್‌ರಹಿತ ಮೋಟಾರು ಇದಕ್ಕೆ ತಕ್ಕುದು.

1300 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಸುಮಾರು 14.4 ವ್ಯಾಟ್-ಗಂಟೆ ಶಕ್ತಿಯಿದೆ. ಅದರಲ್ಲಿ ಐದನೆಯ ಒಂದು ಪಾಲನ್ನು ಕೂಡಿಟ್ಟು ಉಳಿದುದನ್ನು ವ್ಯಯಿಸಿದರೆ, ಪೂರ್ಣಶಕ್ತಿಯಲ್ಲಿ 7 ನಿಮಿಷ, ಅರ್ಧಶಕ್ತಿಯಲ್ಲಿ 14 ನಿಮಿಷ ಹಾರಬಹುದು.

‘ಜೆಟ್ ಎಂದ ಮೇಲೆ ಕೊಳವೆಯೊಳಗೆ ಪಂಖವನ್ನು ಇಡಬಾರದೇಕೆ?’ ಎಂದು ಕೆಲವರು ಕೇಳಬಹುದು. ಇಡಬಹುದು, ಆದರೆ ಬೆಲೆ ತೆರಬೇಕು. 5 ಸೆಂ.ಮೀ. ವ್ಯಾಸದ ಕೊಳವೆಯ ಪಂಖದಿಂದ ಇದೇ ನೂಕುಬಲವನ್ನು ಪಡೆಯಲು ಆದರ್ಶ ಸ್ಥಿತಿಯಲ್ಲಿಯೂ ಸುಮಾರು 100 ವ್ಯಾಟ್ ಬೇಕು. ತೆರೆದ ಪ್ರೊಪೆಲರಿಗೆ ಬೇಕಾದುದು 39 ಮಾತ್ರ. ಹೆಚ್ಚು ಗಾಳಿಯನ್ನು ಮೆಲ್ಲಗೆ ನೂಕುವುದು, ಸ್ವಲ್ಪ ಗಾಳಿಯನ್ನು ರಭಸದಿಂದ ನೂಕುವುದಕ್ಕಿಂತ ಮಿತವ್ಯಯದ ಮಾರ್ಗ.

ತೂಕದ ಸ್ಥಾನ

ಈಗ ಮುಖ್ಯ ಪ್ರಶ್ನೆಗೆ ಬರೋಣ. ವಿಮಾನವು ತಾನಾಗಿ ಸ್ಥಿರವಾಗಿ ಹಾರಬೇಕಾದರೆ ಅದರ ಗುರುತ್ವಕೇಂದ್ರವು, ಗಾಳಿಯ ಬಲಗಳು ಸಮತೂಗುವ ಬಿಂದುವಿಗಿಂತ ಮುಂದಿರಬೇಕು. ನಮ್ಮ ರೆಕ್ಕೆಯಲ್ಲಿ ಆ ಬಿಂದುವು ನಡುಗೆರೆಯ ಮುಂತುದಿಯಿಂದ ಸುಮಾರು 29 ಸೆಂ.ಮೀ. ಹಿಂದಿದೆ. ಆದುದರಿಂದ ಗುರುತ್ವಕೇಂದ್ರವನ್ನು 25 ಸೆಂ.ಮೀ. ಹಿಂದೆ ಇಡಲು ನಿಶ್ಚಯಿಸೋಣ. ಅದು 29ನ್ನು ದಾಟಿ ಹಿಂದೆ ಹೋದರೆ, ಮೂತಿ ಕೊಂಚ ಎದ್ದಾಗ ಗಾಳಿಯು ಅದನ್ನು ಇಳಿಸುವ ಬದಲು ಮತ್ತಷ್ಟು ಎತ್ತುತ್ತದೆ.

ತಕ್ಕಡಿಯ ನಿಯಮವೇ ಇಲ್ಲಿಯೂ ಸಲ್ಲುತ್ತದೆ. ತೂಕವನ್ನು ದೂರದಿಂದ ಗುಣಿಸಬೇಕು. ಹಿಂದಿನ ಮೊತ್ತ ಮುಂದಿನ ಮೊತ್ತಕ್ಕೆ ಸಮವಾಗಬೇಕು. ಗೊತ್ತುಮಾಡಿದ ಬಿಂದುವಿನಿಂದ ಮೋಟಾರು 36 ಸೆಂ.ಮೀ. ಹಿಂದಿದೆ: 70 × 36 = 2520. ಬರಿಯ ದೇಹವನ್ನು ಅಳತೆಕೋಲಿನ ಅಂಚಿನ ಮೇಲೆ ತೂಗಿ ನೋಡಿದರೆ, ಅದರ ಸ್ವಂತ ಕೇಂದ್ರವು 9 ಸೆಂ.ಮೀ. ಹಿಂದಿದೆಯೆನ್ನೋಣ: 200 × 9 = 1800. ಸರ್ವೋಗಳು 15 ಸೆಂ.ಮೀ. ಹಿಂದೆ: 375. ಒಟ್ಟು 4695. ಮುಂದೆ, ವೇಗನಿಯಂತ್ರಕವು 5 ಸೆಂ.ಮೀ. ದೂರದಲ್ಲಿ, ಗ್ರಾಹಕವು 10 ಸೆಂ.ಮೀ. ದೂರದಲ್ಲಿ ಇದ್ದರೆ ಕೂಡಿ ಕೇವಲ 300. ಉಳಿದ 4395ನ್ನು ಬ್ಯಾಟರಿಯೊಂದೇ ತೂಗಬೇಕು. 4395 ÷ 110 = 40. ಎಂದರೆ ಬ್ಯಾಟರಿಯು 40 ಸೆಂ.ಮೀ. ಮುಂದಿರಬೇಕು. ಮೂತಿಯ ತುದಿ ಇರುವುದು 45 ಸೆಂ.ಮೀ. ದೂರದಲ್ಲಿ, ಬ್ಯಾಟರಿ ಹೇಗೋ ಹಿಡಿಸಿತು!

ಹಗುರವಾಗಲೆಂದು 80 ಗ್ರಾಂ ಬ್ಯಾಟರಿಯನ್ನು ಹಾಕಿದರೆ ಏನಾದೀತು? ಅದು 55 ಸೆಂ.ಮೀ. ಮುಂದೆ, ಮೂತಿಯನ್ನು ದಾಟಿ ಗಾಳಿಯಲ್ಲಿ ತೂಗಬೇಕಾದೀತು! ಮೋಟಾರನ್ನು 30 ಗ್ರಾಂ ಭಾರವಾದುದಕ್ಕೆ ಬದಲಿಸಿದರೆ ಹಿಂದೆ ಇನ್ನೂ 1080 ಸೇರುತ್ತದೆ. ದೊಡ್ಡ ಮೋಟಾರು ರೋಗವನ್ನು ಹೆಚ್ಚಿಸುವುದು ಏಕೆಂಬುದು ಈಗ ಸ್ಪಷ್ಟ.

ಉತ್ತಮ ಪರಿಹಾರವೊಂದುಂಟು. ರೆಕ್ಕೆಯ ಹಿಂಭಾಗದಲ್ಲಿ ಪ್ರೊಪೆಲರ್ ತಿರುಗುವಷ್ಟು ಅಡ್ಡ ಸೀಳನ್ನು ಕತ್ತರಿಸಿ, ಮೋಟಾರನ್ನು 15 ಸೆಂ.ಮೀ. ಮುಂದಕ್ಕೆ ತರುವುದು. ಆಗ 1050 ಉಳಿಯುತ್ತದೆ. ಬ್ಯಾಟರಿಯು 30 ಸೆಂ.ಮೀ. ದೂರದಲ್ಲಿಯೇ ನೆಮ್ಮದಿಯಾಗಿ ಕೂರುತ್ತದೆ. ರುಸ್ತುಂ-1ರಲ್ಲಿ ಎಂಜಿನ್ ಬಾಲದಲ್ಲಿದ್ದರೆ, ಮುಖ್ಯ ರೆಕ್ಕೆಯನ್ನೇ ಹಿಂದಕ್ಕೆ ಸರಿಸಿ, ಮೂತಿಯ ಬಳಿ ಒಂದು ಕಿರುರೆಕ್ಕೆಯನ್ನು ಇಟ್ಟಿದ್ದಾರೆ. ಉಪಾಯ ಬೇರೆ, ತಕ್ಕಡಿ ಒಂದೇ.

ಜೋಡಣೆಯಲ್ಲಿ ಎಚ್ಚರಿಕೆ

ಪ್ರೊಪೆಲರಿನ ಮೇಲೆ ಅಳತೆಯ ಅಂಕಿಗಳನ್ನು ಅಚ್ಚೊತ್ತಿದ ಮುಖವು, ಮೋಟಾರು ಹೇಗೆಯೇ ಇರಲಿ, ವಿಮಾನ ಸಾಗುವ ದಿಕ್ಕಿಗೇ ಇರಬೇಕು. ಮೋಟಾರು ತಿರುವುಮುರುವಾಗಿ ಸುತ್ತಿದರೆ ಅದರ ಮೂರು ತಂತಿಗಳಲ್ಲಿ ಯಾವುವಾದರೂ ಎರಡನ್ನು ಅದಲುಬದಲು ಮಾಡಿದರಾಯಿತು. ರೇಡಿಯೋ 2.4 ಗಿಗಾಹರ್ಟ್ಸ್ ಆವೃತ್ತಿಯದು; ಅದರ ತರಂಗದ ಉದ್ದ 12.5 ಸೆಂ.ಮೀ. ಗ್ರಾಹಕದ ಆಂಟೆನಾವನ್ನು ಬ್ಯಾಟರಿಯಿಂದಲೂ ಕಾರ್ಬನ್ ಕಡ್ಡಿಯಿಂದಲೂ ದೂರವಿಡಬೇಕು. ಇವು ತರಂಗಗಳನ್ನು ಮರೆಮಾಡುತ್ತವೆ.

ಲಿಥಿಯಂ ಬ್ಯಾಟರಿಯ ಪ್ರತಿ ಕೋಶವನ್ನು 4.2 ವೋಲ್ಟಿಗಿಂತ ಹೆಚ್ಚು ತುಂಬಕೂಡದು. ಅದಕ್ಕೆಂದೇ ಮಾಡಿದ ಚಾರ್ಜರನ್ನೇ ಬಳಸಿ, ಪಕ್ಕದಲ್ಲಿಯೇ ಇದ್ದು ತುಂಬಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಉಪಯೋಗಿಸಬಾರದು, ಅದು ಹೊತ್ತಿಕೊಳ್ಳಬಲ್ಲುದು.

ಹಾರಾಟ

ರೋಣ ತಾಲ್ಲೂಕಿನ ಮೆಣಸಗಿಯಂಥ ಮಲಪ್ರಭೆಯ ದಡದ ಊರುಗಳ ಎರೆಹೊಲಗಳು ಇಂಥ ಪ್ರಯೋಗಕ್ಕೆ ಅನುಕೂಲ. ಆದರೆ ಜೋಳ ಕೊಯ್ದ ಹೊಲದ ಕೂಳೆಗಳು ಫೋಮ್ ಹಾಳೆಯನ್ನು ಸೀಳಿಬಿಡುತ್ತವೆ. ಕಡಲೆ ಕಿತ್ತ ಹೊಲವೇ ಲೇಸು. ಚಕ್ರಗಳಿಲ್ಲದ ನಮ್ಮ ವಿಮಾನ ಹೊಟ್ಟೆಯ ಮೇಲೆಯೇ ಇಳಿಯುತ್ತದಲ್ಲವೆ! ಆಷಾಢದ ಗಾಳಿಯಲ್ಲಿ ಹಾರಿಸುವುದು ಬೇಡ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಸೆಕೆಂಡಿಗೆ 6 ಮೀಟರಿನ ಗಾಳಿಯೆಂದರೆ ನಮ್ಮ ವಿಮಾನದ ಕನಿಷ್ಠ ವೇಗಕ್ಕೆ ಹೆಚ್ಚುಕಡಿಮೆ ಸಮ. ಚಳಿಗಾಲದ ಮುಂಜಾವು ಉತ್ತಮ ಕಾಲ. ಹೋಗುವ ಮೊದಲು, 2021ರ ಡ್ರೋನ್ ನಿಯಮಗಳಂತೆ ಸರಕಾರವು ಪ್ರಕಟಿಸಿರುವ ವಾಯುಪ್ರದೇಶದ ನಕ್ಷೆಯಲ್ಲಿ ತಮ್ಮ ಸ್ಥಳವು ಯಾವ ವಲಯದಲ್ಲಿದೆ ಎಂದು ನೋಡತಕ್ಕದ್ದು. ಕೆಂಪು ವಲಯದಲ್ಲಿ ಅನುಮತಿಯಿಲ್ಲದೆ ಹಾರಿಸಲಾಗದು.

ಮೊದಲು ಮೋಟಾರನ್ನು ನಿಲ್ಲಿಸಿ, ಹಿಂಬದಿಯ ಪಟ್ಟಿಗಳನ್ನು ಎರಡು-ಮೂರು ಮಿ.ಮೀ. ಮೇಲಕ್ಕೆ ಎತ್ತಿಟ್ಟು, ಗಾಳಿಗೆ ಎದುರಾಗಿ ಬರಿಗೈಯಿಂದ ಮಟ್ಟಸವಾಗಿ ಎಸೆದು ನೋಡಬೇಕು. ಮೂತಿ ಎದ್ದು ಕುಸಿದರೆ ಬ್ಯಾಟರಿಯನ್ನು ಮುಂದಕ್ಕೆ ಸರಿಸಿರಿ. ಬಾಣದಂತೆ ನೆಲಕ್ಕೆ ನುಗ್ಗಿದರೆ ಸ್ವಲ್ಪ ಹಿಂದಕ್ಕೆ. ಸಮವಾಗಿ ತೇಲಿದ ಬಳಿಕವೇ ಮೋಟಾರಿನ ಮಾತು. ಎಸೆಯುವಾಗ ಪ್ರೊಪೆಲರ್ ಕೈಯ ಹಿಂದೆಯೇ ಇರುತ್ತದೆ ಎಂಬುದನ್ನು ಮರೆಯಬಾರದು. ತಿರುಗುವ ಅಲಗು ಬೆರಳನ್ನು ಕತ್ತರಿಸಬಲ್ಲುದು. ಆದಕಾರಣ ವಿಮಾನವು ಕೈಬಿಟ್ಟ ಮೇಲೆಯೇ, ಜೊತೆಗಾರನು ಪ್ರೇಷಕದಿಂದ ಮೋಟಾರನ್ನು ಚಾಲೂ ಮಾಡಬೇಕು.

ಅಭ್ಯಾಸ

ಸೀಳು ಕತ್ತರಿಸದೆ, ಮೋಟಾರನ್ನು ತುದಿಯಲ್ಲಿಯೇ ಇಟ್ಟು, 110 ಗ್ರಾಮಿಗೆ ಬದಲಾಗಿ 150 ಗ್ರಾಂ ಬ್ಯಾಟರಿಯನ್ನು ಹಾಕಿದರೆ ಅದನ್ನು ಎಲ್ಲಿ ಇಡಬೇಕು? ಕನಿಷ್ಠ ವೇಗ ಎಷ್ಟಕ್ಕೆ ಏರುತ್ತದೆ? (ಉತ್ತರ: 29 ಸೆಂ.ಮೀ. ಮುಂದೆ, ಸೆಕೆಂಡಿಗೆ 6.7 ಮೀಟರ್.) 40 ಗ್ರಾಂ ಹೆಚ್ಚಿದರೂ ವೇಗ ಏರಿದ್ದು ಅತ್ಯಲ್ಪ, ಸಮತೋಲವೋ ಸುಲಭವಾಗಿ ಸಿಕ್ಕಿತು. ತೂಕ ಎಷ್ಟು ಎಂಬುದರ ಜೊತೆಗೆ ಅದು ಎಲ್ಲಿದೆ ಎಂಬುದನ್ನೂ ಕೇಳುವ ಅಭ್ಯಾಸವಾದರೆ, ಹೊಲದಲ್ಲಿ ಮುರಿಯಬೇಕಾದ ವಿಮಾನವು ಕಾಗದದ ಮೇಲೆಯೇ ದುರಸ್ತಿಯಾಗುತ್ತದೆ.