ಮೂಲವ್ಯಾಧಿ ಅಂತ ಬಂದವರು

ಉತ್ತರ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಆಪ್ತಸಮಾಲೋಚನೆಯ ಕೇಂದ್ರದಲ್ಲಿ, ನಾನು ಕೌನ್ಸೆಲರ್. ಗಂಡಸರ ಜೊತೆ ಸಂಬಂಧವಿರುವ ಗಂಡಸರನ್ನು ನಮ್ಮ ಕಡತಗಳು ‘ಎಂಎಸ್‌ಎಂ’ ಎನ್ನುತ್ತವೆ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ವೈರಸ್ಸಿನ ಬಗ್ಗೆ ತರಬೇತಿಯಲ್ಲಿ ಬೇಕಾದಷ್ಟು ಹೇಳಿಕೊಡುತ್ತಾರೆ. ಕೆಳಗಿನವು ಕುರ್ಚಿಯಲ್ಲಿ ಕೂತ ಮೇಲೆ ಕಲಿತವು.

1. ಕೇಳದೆ ಯಾರೂ ಹೇಳುವುದಿಲ್ಲ

ಗುದದ್ವಾರದಲ್ಲಿ ನೋವು, ಕೀವು, ರಕ್ತ. ಹುಡುಗ ಮೆಡಿಕಲ್ ಶಾಪಿನಲ್ಲಿ ‘ಮೂಲವ್ಯಾಧಿ’ ಎಂದು ಹೇಳಿ ಮುಲಾಮು ತರುತ್ತಾನೆ. ವಾಸಿಯಾಗದಿದ್ದರೆ ಡಾಕ್ಟರಿಗೂ ಅದನ್ನೇ ಹೇಳುತ್ತಾನೆ. ಅವರು ಖಾರ ಬಿಡು, ನೀರು ಜಾಸ್ತಿ ಕುಡಿ ಎಂದು ಕಳಿಸುತ್ತಾರೆ. ಎಷ್ಟೋ ಸಲ ಅದು ಗೊನೊರಿಯಾ. ಲೈಂಗಿಕ ಸೋಂಕುಗಳಿಗಾಗಿ ಇರುವ ಸರ್ಕಾರಿ ಸುರಕ್ಷಾ ಕ್ಲಿನಿಕ್ಕಿನಲ್ಲಿ ಅದಕ್ಕೆ ಬೂದು ಬಣ್ಣದ ಕಿಟ್ ಪುಕ್ಕಟೆ ಸಿಗುತ್ತದೆ: ಒಂದು ಗ್ರಾಂ ಅಜಿತ್ರೋಮೈಸಿನ್, 400 ಮಿಲಿಗ್ರಾಂ ಸೆಫಿಕ್ಸಿಮ್, ಎರಡನ್ನೂ ಒಂದೇ ಹೊತ್ತಿಗೆ ನುಂಗಿದರಾಯಿತು. ಬಾಯಿ ಬಿಟ್ಟು ಹೇಳಲಾಗದ್ದಕ್ಕೆ ಇಂಥ ಕಾಯಿಲೆ ತಿಂಗಳುಗಟ್ಟಲೆ ಎಳೆಯುತ್ತದೆ, ಅಷ್ಟರಲ್ಲಿ ಬೇರೆಯವರಿಗೂ ದಾಟಿರುತ್ತದೆ. ಮೇಲಾಗಿ, ಇಂಥ ಸೋಂಕಿರುವವರಿಗೆ ಎಚ್‌ಐವಿ ಅಂಟುವುದೂ ಸುಲಭ.

ಹಾಗಾಗಿ ಬೀಡಿ ಸೇದ್ತೀರಾ, ಕುಡೀತೀರಾ ಎಂದು ಕೇಳುವ ದನಿಯಲ್ಲೇ, ಬರೆಯುತ್ತಲೇ ಕೇಳುತ್ತೇನೆ: “ಸಂಪರ್ಕ ಗಂಡಸರ ಜೋಡಿನೋ, ಹೆಂಗಸರ ಜೋಡಿನೋ, ಇಬ್ಬರ ಜೋಡಿನೂ ಐತೋ?” ಹುರಿಮೀಸೆಯ ಲಾರಿ ಡ್ರೈವರಿಗೂ ಇದೇ ಪ್ರಶ್ನೆ, ಮೊಮ್ಮಕ್ಕಳನ್ನು ಕಂಡ ಹಿರಿಯರಿಗೂ ಇದೇ ಪ್ರಶ್ನೆ. ನಡಿಗೆ ನೋಡಿ ಗುರುತಿಸುತ್ತೇನೆ ಎನ್ನುವವರಿಗೆ ಹೆಣ್ಣಿನ ಹಾವಭಾವದ ಕೋಥಿಗಳಷ್ಟೇ ಕಾಣುತ್ತಾರೆ. ಅವರ ಜೊತೆಗಾರರಾದ ಪಂಥಿಗಳು ಊರಿನ ಎಲ್ಲ ಗಂಡಸರಂತೆಯೇ ಇರುತ್ತಾರೆ.

2. ಲಗ್ನ ಔಷಧಿಯಲ್ಲ

“ಮೇಡಮ್ಮಾರ, ಲಗ್ನಾ ಮಾಡಿದ್ರ ಸರಿ ಹೋಗ್ತಾನಲ್ರೀ?” ತಾಯಂದಿರು ಇಲ್ಲಿಗೆ ಬರುವ ಹೊತ್ತಿಗೆ ತಾಯತ, ಹರಕೆ, ಹಾರ್ಮೋನ್ ಇಂಜೆಕ್ಷನ್ ಎಲ್ಲ ಮುಗಿದಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಕಾಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ‘ಸರಿ ಮಾಡುವ’ ಚಿಕಿತ್ಸೆ ವೃತ್ತಿದ್ರೋಹ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು. ದುಡ್ಡು ಕೀಳುವವರು ಇನ್ನೂ ಇದ್ದಾರೆ, ಬಿಡಿ. ತಾಯಿಯ ಮುಂದೆ ಆಯೋಗದ ಮಾತು ಎತ್ತಿ ಉಪಯೋಗವಿಲ್ಲ. “ಯವ್ವಾ, ಮನಸ್ಸಿಲ್ಲದ ಹುಡುಗಗ ನಿಮ್ಮ ಮಗಳನ್ನ ಕೊಡ್ತೀರೇನು?” ಎಂದು ಕೇಳುತ್ತೇನೆ. ಕೆಲವರು ಸಿಟ್ಟಾಗಿ ಎದ್ದು ಹೋಗುತ್ತಾರೆ. ಕೂತವರ ಜೊತೆ ಮಾತು ಮುಂದುವರಿಯುತ್ತದೆ.

ಹಾಗೆ ಮಾಡಿದ ಲಗ್ನದ ಫಲ ಗರ್ಭಿಣಿಯರ ತಪಾಸಣೆಯಲ್ಲಿ ಹೊರಬೀಳುವುದುಂಟು. ಗಂಡ ಎಂದೂ ರಕ್ತ ಕೊಟ್ಟು ನೋಡಿಸಿರುವುದಿಲ್ಲ; ಬಸುರಿಗೆ ಮಾತ್ರ ಪರೀಕ್ಷೆ ಆಗುತ್ತದೆ. ಸೋಂಕು ಮೊದಲು ಸಿಕ್ಕಿದ್ದು ಅವಳ ರಕ್ತದಲ್ಲಿ ಎಂಬ ಕಾರಣಕ್ಕೆ ತಂದವಳೂ ಅವಳೇ ಎಂದು ಗಂಡನ ಮನೆಯವರು ತೀರ್ಮಾನಿಸಿಬಿಡುತ್ತಾರೆ. ಒಬ್ಬಳು ನನ್ನೆದುರು ಕೂತು, ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ, “ನಾ ಊರು ಬಿಟ್ಟು ಎಲ್ಲೂ ಹೋದಾಕಿ ಅಲ್ರೀ” ಎಂದಷ್ಟೇ ಹೇಳುತ್ತಿದ್ದಳು. ಗಂಡ ಹೊರಗೆ ಬೆಂಚಿನ ಮೇಲಿದ್ದ. ಅವನನ್ನು ಒಬ್ಬನನ್ನೇ ಕರೆದು ಮಾತಾಡಬೇಕು, ಅತ್ತೆಯನ್ನು ಯಾವ ಕಾರಣಕ್ಕೂ ಒಳಗೆ ಬಿಡಬಾರದು. 2017ರ ಎಚ್‌ಐವಿ ಕಾಯ್ದೆಯ ಪ್ರಕಾರವೂ ಒಪ್ಪಿಗೆಯಿಲ್ಲದೆ ಒಬ್ಬರ ಫಲಿತಾಂಶವನ್ನು ಮನೆಮಂದಿಗೆ ಹೇಳುವಂತಿಲ್ಲ. ತಾಯಿಗೆ ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿ), ಹುಟ್ಟಿದ ಕೂಸಿಗೆ ನೆವಿರಪಿನ್ ಸಿರಪ್ ಸಮಯಕ್ಕೆ ಸರಿಯಾಗಿ ಸಿಕ್ಕರೆ ಬಹುತೇಕ ಕೂಸುಗಳು ಪಾರಾಗುತ್ತವೆ. ಅವಳನ್ನು ತವರಿಗೆ ಅಟ್ಟಿದರೆ ಮಾತ್ರ ಅಷ್ಟೂ ಏರುಪೇರು.

3. ತೀರ್ಪು ಠಾಣೆ ತಲುಪಿದೆಯೇ, ವಿಚಾರಿಸಿ

ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ಸೆಕ್ಷನ್ 377 ಇದ್ದಾಗ ಕಾಂಡೋಮ್ ಹಂಚುವುದೇ ಅಪಾಯದ ಕೆಲಸವಾಗಿತ್ತು. 2001ರಲ್ಲಿ ಲಖನೌದಲ್ಲಿ ಎಚ್‌ಐವಿ ತಡೆಗೆ ಓಡಾಡುತ್ತಿದ್ದವರನ್ನೇ ಜೈಲಿಗೆ ಹಾಕಿದ್ದರು. ಈ ಕಾನೂನಿನ ಭಯಕ್ಕೆ ಜನ ಅಡಗಿಕೊಳ್ಳುತ್ತಾರೆ ಎಂದು 2006ರಲ್ಲಿ ದೆಹಲಿ ಹೈಕೋರ್ಟಿಗೆ ಪ್ರಮಾಣಪತ್ರ ಕೊಟ್ಟಿದ್ದು ಸರ್ಕಾರದ್ದೇ ಆದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ನ್ಯಾಕೋ. ಅದೇ ಕೋರ್ಟಿನಲ್ಲಿ ಕಾನೂನು ಇರಲಿ ಎಂದದ್ದು ಗೃಹ ಇಲಾಖೆ. 2009ರಲ್ಲಿ ಹೈಕೋರ್ಟ್ ಬಿಡುಗಡೆ ಕೊಟ್ಟಿತು, 2013ರಲ್ಲಿ ಸುಪ್ರೀಂ ಕೋರ್ಟ್ ಕಿತ್ತುಕೊಂಡಿತು, 2018ರ ಸೆಪ್ಟೆಂಬರ್ 6ರಂದು ಮರಳಿ ಕೊಟ್ಟಿತು. ಆದರೂ ಬಸ್‌ಸ್ಟ್ಯಾಂಡಿನ ಹಿಂದೆ ಕಾಂಡೋಮ್ ಹಂಚುವ ನಮ್ಮ ಪೀರ್ ಎಜುಕೇಟರ್ ಚೀಲದಲ್ಲಿ ಜೆಲ್ ಪ್ಯಾಕೆಟ್ ಕಂಡರೆ ಲಾಠಿ ಏಳುವುದು ನಿಂತಿಲ್ಲ. ಪಿಎಸ್‌ಐ ವರ್ಗವಾದಾಗಲೆಲ್ಲ ಹೊಸಬರನ್ನು ಕಂಡು ಗುರುತಿನ ಚೀಟಿ ತೋರಿಸಿ ಬನ್ನಿ.

4. ಪಾರ್ಕು ಈಗ ಫೋನಿನಲ್ಲಿದೆ

ನಾವು ತಲುಪಬೇಕಾದವರ ಪಟ್ಟಿ, ಅಂದರೆ ಲೈನ್‌ಲಿಸ್ಟ್, ಪಾರ್ಕು, ಕೆರೆದಂಡೆ, ಬಸ್‌ಸ್ಟ್ಯಾಂಡುಗಳ ಲೆಕ್ಕದ್ದು. ಆ್ಯಪಿನಲ್ಲಿ ಪರಿಚಯವಾಗುವ ಕಾಲೇಜು ಹುಡುಗರು ಅದರಲ್ಲಿಲ್ಲ. ಅಲ್ಲಿ ಫೋಟೊ ಇಟ್ಟುಕೊಂಡು ‘ಮನೆಗೆ ಹೇಳ್ತೀನಿ’ ಎಂದು ದುಡ್ಡು ಕೀಳುವ ದಂಧೆ ಬೇರೆ. ದೂರು ಕೊಟ್ಟರೆ ಮನೆಗೆ ಗೊತ್ತಾಗುತ್ತದೆ, ಆಸ್ಪತ್ರೆಗೆ ಬಂದರೂ ಗೊತ್ತಾಗುತ್ತದೆ ಎಂಬ ಅಂಜಿಕೆ ಅವರಿಗೆ. ಅಂಥವರಿಗೆ ಮೊದಲು ಎಚ್‌ಐವಿ ಸಹಾಯವಾಣಿಯ 1097 ನಂಬರ್ ಕೊಡಿ. ಕರೆ ಉಚಿತ, ಹೆಸರು ಹೇಳಬೇಕಾಗಿಲ್ಲ.

5. ಡಬ್ಬಿ ಸದ್ದು ಮಾಡುತ್ತದೆ

ಎಆರ್‌ಟಿ ಅಂದರೆ ದಿನಕ್ಕೊಂದು ಮಾತ್ರೆ, ತಿಂಗಳಿಗೊಂದು ಡಬ್ಬಿ. ಕೇಳಲು ಸುಲಭ. ನಾಲ್ವರು ಮಲಗುವ ರೂಮಿನಲ್ಲಿ ಡಬ್ಬಿ ಅಲುಗಿದರೆ ‘ಏನಲೇ ಅದು?’ ಎಂಬ ಪ್ರಶ್ನೆ ಬರುತ್ತದೆ. ಲೇಬಲ್ ಕೆರೆದು, ಒಳಗೆ ಹತ್ತಿ ತುರುಕಿ, ವಿಟಮಿನ್ ಎನ್ನುತ್ತಾರೆ. ಗುರುತಿನವರು ಕಂಡಾರೆಂದು ಸ್ವಂತ ಜಿಲ್ಲೆಯ ಎಆರ್‌ಟಿ ಸೆಂಟರ್ ಬಿಟ್ಟು ದೂರದ ಊರಿಗೆ ಬಸ್ ಹತ್ತುತ್ತಾರೆ. ಕೂಲಿ ತಪ್ಪುತ್ತದೆ, ಒಂದು ತಿಂಗಳು ಹೋಗುವುದಿಲ್ಲ, ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ಸಿನ ಪ್ರಮಾಣ, ಏರುತ್ತದೆ. ಅದು ಪರೀಕ್ಷೆಗೆ ಸಿಗದಷ್ಟು ಕೆಳಗೆ ನಿಂತರೆ ಸಂಭೋಗದಿಂದ ಇನ್ನೊಬ್ಬರಿಗೆ ಸೋಂಕು ದಾಟುವುದೇ ಇಲ್ಲ. ಮಾತ್ರೆ ಯಾಕೆ ತಪ್ಪಿತು ಎಂದು ಗದರುವ ಮೊದಲು ಎಲ್ಲಿ ಮಲಗುತ್ತೀ, ಡಬ್ಬಿ ಎಲ್ಲಿಡುತ್ತೀ ಎಂದು ಕೇಳಿ.

2017ರ ರಾಷ್ಟ್ರೀಯ ಸಮೀಕ್ಷೆಗಳ ಪ್ರಕಾರ ವಯಸ್ಕರಲ್ಲಿ ಎಚ್‌ಐವಿ ಶೇ. 0.22, ಎಂಎಸ್‌ಎಂಗಳಲ್ಲಿ ಶೇ. 2.69. ಗುದಸಂಭೋಗದಲ್ಲಿ ಅಪಾಯ ಹೆಚ್ಚು ಎಂಬುದು ಒಂದು ಕಾರಣ. ಉಳಿದ ಕಾರಣಗಳಲ್ಲಿ ಆ ಡಬ್ಬಿಯೊಳಗಿನ ಹತ್ತಿಯೂ ಒಂದು ಎಂದು ನಾನು ಎಣಿಸುತ್ತೇನೆ.

6. ಬಾಗಿಲಲ್ಲಿರುವವರಿಗೂ ತರಬೇತಿ ಬೇಕು

ನಾನು ಎಷ್ಟೇ ಮೆತ್ತಗೆ ಮಾತಾಡಿದರೂ, ಹೊರಗೆ ಚೀಟಿ ಕೊಡುವವರು ‘ಬಂತು ನೋಡು’ ಎಂದು ಒಬ್ಬರಿಗೊಬ್ಬರು ನಕ್ಕರೆ ಮುಗಿಯಿತು. ಅಲ್ಲಿಂದಲೇ ವಾಪಸ್ ಹೋದವನ ಲೆಕ್ಕ ನಮ್ಮ ರಿಜಿಸ್ಟರಿನಲ್ಲಿ ಬರುವುದಿಲ್ಲ. ಹೆಸರು ಕೂಗುವುದು ಬಿಟ್ಟು ಟೋಕನ್ ನಂಬರ್ ಕೂಗಿಸಲು ಖರ್ಚೇನಿಲ್ಲ. ಅದನ್ನು ನಾವೇ ಶುರುಮಾಡಿಕೊಂಡೆವು. ಡಿ ಗ್ರೂಪ್ ನೌಕರರನ್ನೂ ತರಬೇತಿಗೆ ಸೇರಿಸಿ ಎಂದು ಬರೆದ ಪತ್ರಕ್ಕೆ ಮೇಲಿನಿಂದ ಉತ್ತರ ಬರಬೇಕಿದೆ.