ನೀರು ಹಾಕುವವರು ಯಾರು?



ಕೆಲವು ವರ್ಷಗಳ ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ ಜೂನ್ ತಿಂಗಳ ಒಂದು ಭಾನುವಾರ ನೂರು ಸಸಿಗಳನ್ನು ನೆಟ್ಟೆವು. ಬಲಿಪೂಜೆಯ ನಂತರ ಮೆರವಣಿಗೆ, ಪ್ರಾರ್ಥನೆ, ಭಾಷಣ, ಫೋಟೋ ಎಲ್ಲವೂ ಆಯಿತು. ಜನರು ಮನೆಗೆ ಹೊರಟ ಮೇಲೆ ದೇವಾಲಯದ ಅಂಗಳ ಗುಡಿಸುವ ಹಿರಿಯ ತಾಯಿಯೊಬ್ಬರು ಬಂದು, "ಫಾದರ್, ಇವಕ್ಕೆ ಬೇಸಿಗೇಲಿ ನೀರು ಹಾಕೋರು ಯಾರು?" ಎಂದು ಕೇಳಿದರು. ನಾನು ನಕ್ಕು, "ದೇವರಿದ್ದಾನಲ್ಲಮ್ಮ" ಎಂದೆ. ಮುಂದಿನ ಏಪ್ರಿಲ್‌ನಲ್ಲಿ ಎಣಿಸಿದರೆ ಬದುಕಿದ್ದವು ಏಳೇ ಏಳು. ಆ ಏಳಕ್ಕೂ ನೀರು ಹಾಕಿದ್ದವರು ಆ ತಾಯಿಯೇ. ನನ್ನ ಉತ್ತರ ಭಕ್ತಿಯ ಮಾತಿನಂತೆ ಕೇಳಿಸಿತ್ತು. ನಿಜವಾಗಿ ಅದು ಸೋಮಾರಿತನವಾಗಿತ್ತು.

2024ರ ಡಿಸೆಂಬರ್ 16ರಂದು ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯಲ್ಲಿ ತುಳಸಿ ಗೌಡ ಅವರು ತೀರಿಕೊಂಡರೆಂಬ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಆ ಪ್ರಶ್ನೆ. ಏಕೆಂದರೆ ತುಳಸಿಯಮ್ಮನವರ ಇಡೀ ಬದುಕು ಆ ಪ್ರಶ್ನೆಗೆ ಉತ್ತರವಾಗಿತ್ತು.

ಅವರು ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗ ಬುಡಕಟ್ಟಿನವರು. 1944ರಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿದರು. ಎರಡು ವರ್ಷದ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಎಳೆಯ ವಯಸ್ಸಿನಲ್ಲೇ ಮದುವೆಯಾಯಿತು. ತಾಯಿಯ ಜೊತೆಗೂಡಿ ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರಕ್ಕೆ ಕೂಲಿಗೆ ಹೋದರು. ಬೀಜ ಆರಿಸುವುದು, ಮಣ್ಣು ಹದ ಮಾಡುವುದು, ಸಸಿಗೆ ನೀರು ಹಾಕುವುದು, ಕಳೆ ಕೀಳುವುದು, ಇದೇ ಕೆಲಸ. ಮೂರು ದಶಕಗಳಿಗೂ ಹೆಚ್ಚು ಕಾಲ ದಿನಗೂಲಿಯಾಗಿ ದುಡಿದರು. ಆಮೇಲೆ ಅವರ ಅರಿವನ್ನು ಮನಗಂಡು ಇಲಾಖೆ ಕೆಲಸವನ್ನು ಕಾಯಂ ಮಾಡಿತು. ನಿವೃತ್ತಿಯ ನಂತರವೂ ಸಸಿ ಬೆಳೆಸುವುದನ್ನು ಬಿಡಲಿಲ್ಲ.

ಅವರ ಅರಿವು ಎಂಥದು? ಕಾಡಿನಲ್ಲಿ ಒಂದೇ ಜಾತಿಯ ಹತ್ತು ಮರಗಳಿದ್ದರೆ ಹತ್ತರ ಬೀಜವೂ ಒಂದೇ ಅಲ್ಲ. ಅವುಗಳಲ್ಲಿ ಆರೋಗ್ಯವಾಗಿ ಬೆಳೆದು, ಗಟ್ಟಿ ಬೀಜ ಕೊಡುವ ಮರವನ್ನು ತಾಯಿಮರ ಎನ್ನುತ್ತಾರೆ. ಅದನ್ನು ಗುರುತಿಸಿ, ಬೀಜ ಸರಿಯಾಗಿ ಬಲಿತ ಹೊತ್ತಿಗೆ ಸಂಗ್ರಹಿಸಬೇಕು. ಎಳೆಯದಾದರೆ ಮೊಳೆಯದು, ತಡವಾದರೆ ಹುಳು ಹಿಡಿದೀತು. ಹಲಸು, ನೇರಳೆಯಂಥ ಬೀಜಗಳನ್ನು ಒಣಗಿಸಿಟ್ಟರೆ ಸತ್ತುಹೋಗುತ್ತವೆ, ಬೇಗ ಬಿತ್ತಬೇಕು. ತೇಗದ ಬೀಜವನ್ನಾದರೋ ಹಲವು ದಿನ ನೆನೆಸಿ ಒಣಗಿಸಿ, ಮತ್ತೆ ನೆನೆಸಿ ಒಣಗಿಸಿ ಬಿತ್ತಬೇಕಾಗುತ್ತದೆ. ಮುನ್ನೂರಕ್ಕೂ ಹೆಚ್ಚು ಜಾತಿಯ ಗಿಡಮರಗಳ ಗುಣ ತುಳಸಿಯಮ್ಮನವರಿಗೆ ಗೊತ್ತಿತ್ತು ಎನ್ನುತ್ತಾರೆ. ಅದಕ್ಕಾಗಿಯೇ ಅವರನ್ನು ಕಾಡಿನ ವಿಶ್ವಕೋಶ ಎಂದು ಕರೆದರು. ಅವರು ಬೆಳೆಸಿದ ಮರಗಳು ಮೂವತ್ತು ಸಾವಿರ ಎನ್ನುವವರಿದ್ದಾರೆ, ಲಕ್ಷ ಎನ್ನುವವರೂ ಇದ್ದಾರೆ. ಅವರಂತೂ ಲೆಕ್ಕ ಇಟ್ಟವರಲ್ಲ.

1986ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ, 1999ರಲ್ಲಿ ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿಗಳು ಬಂದವು. 2021ರ ನವೆಂಬರ್ 8ರಂದು ಹಾಲಕ್ಕಿಯರ ಉಡುಗೆಯಲ್ಲಿ, ಕೊರಳ ತುಂಬ ಮಣಿಸರ ಧರಿಸಿ, ಬರಿಗಾಲಿನಲ್ಲಿ ನಡೆದುಬಂದು ರಾಷ್ಟ್ರಪತಿಗಳಿಂದ ಪದ್ಮಶ್ರೀ ಸ್ವೀಕರಿಸಿದರು. ಆ ಚಿತ್ರವನ್ನು ನೀವೂ ನೋಡಿರುತ್ತೀರಿ. "ಎಂಥ ಸರಳತೆ!" ಎಂದು ನಾವೆಲ್ಲ ಬೆರಗಾದೆವು. ಆದರೆ ಬರಿಗಾಲನ್ನು ಮೆಚ್ಚಿ ಅಷ್ಟಕ್ಕೇ ನಿಂತುಬಿಟ್ಟರೆ ನಾವು ಏನನ್ನೂ ಕಲಿಯಲಿಲ್ಲ. ಆ ಕೈಗಳು ಅಷ್ಟು ವರ್ಷ ಏನು ಮಾಡಿದವು ಎಂಬುದೇ ನಮಗೆ ಪಾಠ.

ತುಳಸಿಯಮ್ಮನವರು ಕ್ರೈಸ್ತರಲ್ಲ. ಅವರನ್ನು ನಮ್ಮವರೆಂದು ಹೇಳಿಕೊಳ್ಳುವ ಅಗತ್ಯವೂ ಇಲ್ಲ. ಅನ್ಯ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆಗಿರುವ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಬೋಧಿಸಿದೆ. ಹಾಗಿರುವಾಗ ಅವರಿಂದ ಕಲಿಯಲು ನಮಗೆ ಸಂಕೋಚವೇಕೆ?

ಆದಿಕಾಂಡದ ಎರಡನೆಯ ಅಧ್ಯಾಯವನ್ನು ನೆನಪಿಸಿಕೊಳ್ಳಿ. ದೇವರು ಮನುಷ್ಯನನ್ನು ತೋಟದಲ್ಲಿರಿಸಿ ಎರಡು ಕೆಲಸ ಒಪ್ಪಿಸುತ್ತಾರೆ. ಹೀಬ್ರೂ ಮೂಲದಲ್ಲಿ ಒಂದು ಪದ 'ಅಬದ್', ಇನ್ನೊಂದು 'ಶಮರ್'. ಅಬದ್ ಎಂದರೆ ದುಡಿ, ಸೇವೆ ಮಾಡು. ಶಮರ್ ಎಂದರೆ ಕಾಯು, ಕಾಪಾಡು. ಸಂಖ್ಯಾಕಾಂಡದ ಮೂರನೆಯ ಅಧ್ಯಾಯದಲ್ಲಿ ಲೇವಿಯರು ದೇವದರ್ಶನದ ಗುಡಾರದಲ್ಲಿ ಮಾಡಬೇಕಾದ ಸೇವೆಯನ್ನು ಹೇಳುವಾಗಲೂ ಇವೇ ಎರಡು ಪದಗಳು ಬರುತ್ತವೆ. ಅಂದರೆ ಪವಿತ್ರ ಬೈಬಲಿನ ಭಾಷೆಯಲ್ಲಿ ತೋಟ ಕಾಯುವುದಕ್ಕೂ ಗುಡಾರದ ಸೇವೆಗೂ ಹೆಸರು ಒಂದೇ. ನಾವು ಸಸಿ ನೆಟ್ಟ ದಿನ ಅಬದ್ ಮಾಡಿದೆವು, ಅದೂ ಒಂದು ಗಂಟೆ. ಶಮರ್ ಮಾಡಿದವರು ಅಂಗಳ ಗುಡಿಸುವ ಆ ತಾಯಿ.

ಇನ್ನೊಂದು ಮಾತು ಹೇಳದೆ ಮುಗಿಸಿದರೆ ತಪ್ಪಾದೀತು. ಇಷ್ಟು ತಿಳಿದ ಹೆಣ್ಣುಮಗಳು ಅಷ್ಟು ವರ್ಷ ದಿನಗೂಲಿಯವರಾಗಿಯೇ ಉಳಿದರಲ್ಲ! ಓದಿದವರ ತಿಳಿವಳಿಕೆಗೆ ಸಂಬಳ, ಓದದವರ ತಿಳಿವಳಿಕೆಗೆ ಕೂಲಿ ಎಂಬುದು ನಮ್ಮ ಸಮಾಜದ ರೂಢಿ. ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಹಾಲಕ್ಕಿ ಜನರ ಬೇಡಿಕೆ ದಶಕಗಳಷ್ಟು ಹಳೆಯದು. ಅದೇ ಅಂಕೋಲಾ ಸೀಮೆಯ ಮತ್ತೊಬ್ಬ ಹಾಲಕ್ಕಿ ಮಹಿಳೆ, ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರು ಸಾರಾಯಿಯ ವಿರುದ್ಧ ಹೆಂಗಸರನ್ನು ಒಗ್ಗೂಡಿಸಿದವರು. ಅವರಿಗೂ ಪದ್ಮಶ್ರೀ ಬಂದಿತ್ತು. 2025ರ ಫೆಬ್ರವರಿ 13ರಂದು ಅವರೂ ತೀರಿಕೊಂಡರು. ಎರಡು ತಿಂಗಳೊಳಗೆ ಆ ಸಮುದಾಯ ಇಬ್ಬರು ಹಿರಿಯ ತಾಯಂದಿರನ್ನು ಕಳೆದುಕೊಂಡಿತು. ಮೂಲನಿವಾಸಿಗಳು ತಮ್ಮ ನೆಲದಲ್ಲಿ ನೆಲೆಯಾಗಿರುವಾಗ ಆ ನೆಲವನ್ನು ಅವರೇ ಎಲ್ಲರಿಗಿಂತ ಚೆನ್ನಾಗಿ ಕಾಯುತ್ತಾರೆ, ಆ ನೆಲದ ಮೇಲೆ ದೊಡ್ಡ ಯೋಜನೆಗಳು ಬರುವಾಗ ಮೊದಲು ಅವರ ಮಾತು ಕೇಳಬೇಕು ಎಂದು ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಬೋಧಿಸಿದರು. ಪ್ರಶಸ್ತಿ ಬಂದ ಮೇಲೆ ಕೈಮುಗಿಯುವುದು ಸುಲಭ. ಪ್ರಶಸ್ತಿ ಇಲ್ಲದವರ ಮಾತಿಗೆ ಕಿವಿಗೊಡುವುದು ಕಷ್ಟ. ನಾನೇ ಕಿವಿಗೊಡಲಿಲ್ಲವಲ್ಲ!

ಪ್ರಿಯರೇ, ಮರುವರ್ಷ ನಾವು ನೂರು ಸಸಿ ನೆಡಲಿಲ್ಲ, ಹನ್ನೆರಡು ನೆಟ್ಟೆವು. ಒಂದೊಂದನ್ನು ಒಂದೊಂದು ಕುಟುಂಬಕ್ಕೆ ಒಪ್ಪಿಸಿದೆವು. ಯಾವ ಸಸಿ, ಎಲ್ಲಿ, ಎಷ್ಟು ಆಳದ ಗುಂಡಿ ಎಂಬುದನ್ನು ಆ ತಾಯಿಯನ್ನು ಕೇಳಿಯೇ ನಿರ್ಧರಿಸಿದೆವು. ಭಾಷಣ ಇರಲಿಲ್ಲ. ನಾನು ಆ ಧರ್ಮಕೇಂದ್ರ ಬಿಟ್ಟು ಬರುವಾಗ ಹನ್ನೊಂದು ಗಿಡಗಳು ಚಿಗುರಿದ್ದವು.

ಮನೆಮಂದಿ ಕೂಡಿ ಚಿಂತಿಸಲು

1. ನಾವು ಉತ್ಸಾಹದಿಂದ ಆರಂಭಿಸಿ ನೀರು ಹಾಕದೆ ಬಿಟ್ಟದ್ದು ಯಾವುದು? ಗಿಡವೇ ಆಗಬೇಕೆಂದಿಲ್ಲ; ಒಂದು ಸಂಬಂಧ, ಒಂದು ಹರಕೆ, ಒಬ್ಬ ರೋಗಿಯ ಭೇಟಿಯೂ ಆಗಿರಬಹುದು.

2. ನಮ್ಮ ಮನೆಯಲ್ಲಿ, ತೋಟದಲ್ಲಿ ದುಡಿಯುವವರ ತಿಳಿವಳಿಕೆಯನ್ನು ನಾವು ಎಂದಾದರೂ ಕೇಳಿ ಕಲಿತಿದ್ದೇವೆಯೇ? ಅದಕ್ಕೆ ತಕ್ಕ ಕೂಲಿ ಕೊಡುತ್ತಿದ್ದೇವೆಯೇ?

3. ಈ ವಾರ ಮಕ್ಕಳನ್ನು ಕರೆದುಕೊಂಡು ಹೋಗಿ ನಿಮ್ಮ ಊರಿನ ಐದು ಮರಗಳ ಹೆಸರನ್ನು ಹಿರಿಯರೊಬ್ಬರಿಂದ ಕೇಳಿ ತಿಳಿಯಿರಿ. ಹೆಸರೇ ಗೊತ್ತಿಲ್ಲದ್ದನ್ನು ಕಾಯುವುದು ಹೇಗೆ?